ಹಳೇ ಕನ್ವರ್ಟಿಬಲ್, ವರ್ಷಕ್ಕೆ ನಾಲ್ಕೈದು ಟ್ರ್ಯಾಕ್ ಡೇ, ಕೈಯಲ್ಲಿ 18,000 ಡಾಲರ್: ಯಾವ ಕಾರು?

ಫ್ರೀಮಾಂಟ್_ಪಯಣಿಗ:
ಕ್ಯಾಲಿಫೋರ್ನಿಯಾದ ಬೇ ಏರಿಯಾದ ಕಾರು ಹುಚ್ಚಿನವರಿಗೆಲ್ಲ ನಮಸ್ಕಾರ. ಲಗೂನಾ ಸೆಕಾ, ಥಂಡರ್‌ಹಿಲ್, ಸೋನೋಮಾ, ಈ ಮೂರು ರೇಸ್ ಟ್ರ್ಯಾಕ್ ಸೇರಿ ವರ್ಷಕ್ಕೆ ನಾಲ್ಕೈದು ಟ್ರ್ಯಾಕ್ ಡೇ (ಸ್ವಂತ ಕಾರನ್ನು ಟ್ರ್ಯಾಕ್‌ನಲ್ಲಿ ಓಡಿಸೋ ದಿನ). ಉಳಿದಂತೆ ಭಾನುವಾರದ ಓಡಾಟ. ಟ್ರೇಲರ್ ಇಲ್ಲ, ಓಡಿಸಿಕೊಂಡೇ ಹೋಗಿ ಓಡಿಸಿಕೊಂಡೇ ವಾಪಸ್ ಬರಬೇಕು. ಕಾರು, ತಯಾರಿ ಎಲ್ಲ ಸೇರಿ 18,000 ಡಾಲರ್. ಎತ್ತರ 6 ಅಡಿ 1 ಅಂಗುಲ. ಮ್ಯಾನುಯಲ್ ಗೇರೇ ಬೇಕು. ತಲೆಯಲ್ಲಿರೋ ಕನ್ವರ್ಟಿಬಲ್ (ಟಾಪ್ ತೆಗೆಯೋ) ಕಾರುಗಳು: ಮಾಜ್ಡಾ ಮಿಯಾಟಾ ಎನ್‌ಬಿ, ಹೋಂಡಾ ಎಸ್2000, ಪೋರ್ಶೆ ಬಾಕ್ಸ್‌ಸ್ಟರ್ 986 ಎಸ್. ಯಾವುದು ತಗೊಳ್ಳಲಿ?

ಕಾರ್ಕ್‌ಸ್ಕ್ರೂ_ಕನ್ನಡಿಗ:
ಕಾರು ಆಮೇಲೆ ಸಾರ್. ಮೊದಲು ನೀವು ಹೋಗಬೇಕೆಂದಿರುವ ಸಂಘಟಕರ ನಿಯಮಾವಳಿ ತೆಗೆದು ಕನ್ವರ್ಟಿಬಲ್ ಬಗ್ಗೆ ಏನು ಬರೆದಿದ್ದಾರೆ ಅಂತ ಓದಿ. ಒಬ್ಬೊಬ್ಬರದು ಒಂದೊಂದು ಲೆಕ್ಕ. ಬಾಕ್ಸ್‌ಸ್ಟರ್ ಮತ್ತು ಎಸ್2000 ಕಾರ್ಖಾನೆಯಿಂದಲೇ ಆಸನದ ಹಿಂದೆ ಉಕ್ಕಿನ ಕಮಾನುಗಳೊಂದಿಗೆ ಬರುತ್ತವೆ. ಕೆಲವರು ಅದನ್ನೇ ಒಪ್ಪುತ್ತಾರೆ, ಕೆಲವರು ಒಪ್ಪುವುದಿಲ್ಲ. ಮಿಯಾಟಾದ ಮೊದಲ ಎರಡು ತಲೆಮಾರು ಎನ್‌ಎ, ಎನ್‌ಬಿಗೆ ಅಂಥದ್ದೇನೂ ಇಲ್ಲ, ರೋಲ್ ಬಾರ್ (ಕಾರು ಮಗುಚಿದರೆ ತಲೆ ಕಾಯುವ ಉಕ್ಕಿನ ಕಮಾನು) ಕೂರಿಸಲೇಬೇಕು. ಮೂರನೇ, ನಾಲ್ಕನೇ ತಲೆಮಾರಿನ ಎನ್‌ಸಿ, ಎನ್‌ಡಿಯಲ್ಲಿ ಆಸನದ ಹಿಂದೆ ಕಾಣುವ ಪ್ಲಾಸ್ಟಿಕ್ ಹೊದಿಕೆಯ ಕಮಾನನ್ನು ನಂಬಿಕೊಂಡು ಹೋದರೆ ಗೇಟಿನಲ್ಲೇ ವಾಪಸ್ ಕಳಿಸುವವರು ಬಹಳ ಮಂದಿ. ಗಟ್ಟಿ ಹಾರ್ಡ್‌ಟಾಪ್ ಹಾಕಿದ್ದೀನಿ ಅನ್ನೋದೂ ಉತ್ತರ ಅಲ್ಲ. ಕಾರು ಮಗುಚಿದರೆ ಅದು ಭಾರ ಹೊರುವುದಿಲ್ಲ.

ಬಾರ್ ಇದ್ದರಷ್ಟೇ ಸಾಲದು, ಪೊರಕೆ ಕೋಲಿನ ಪರೀಕ್ಷೆಯೂ ಇದೆ. ಹೆಲ್ಮೆಟ್ ಹಾಕಿ, ಬೆಲ್ಟ್ ಬಿಗಿದು, ಓಡಿಸುವಾಗ ಹೇಗೆ ಕೂರುತ್ತೀರೋ ಹಾಗೇ ಕೂರಬೇಕು. ಬಾರ್‌ನ ನೆತ್ತಿಯಿಂದ ವಿಂಡ್‌ಶೀಲ್ಡ್ ಚೌಕಟ್ಟಿನ ಮೇಲಂಚಿಗೆ ಒಂದು ಕೋಲು ಅಡ್ಡ ಇಡುತ್ತಾರೆ. ಹೆಲ್ಮೆಟ್ ಅದಕ್ಕೆ ತಗುಲಬಾರದು. 2 ಅಂಗುಲ ಕೆಳಗೇ ಇರಬೇಕು ಅನ್ನುವವರೂ ಇದ್ದಾರೆ. 6 ಅಡಿ 1 ಅಂಗುಲ, ಅದರಲ್ಲೂ ಮುಂಡ ಉದ್ದ ಇದ್ದರೆ, ಎನ್‌ಬಿಯ ಮೂಲ ಆಸನದಲ್ಲಿ ಫೇಲ್ ಆಗುವುದೇ ಹೆಚ್ಚು.

ದಾರಿ ಎರಡಿವೆ. ಆಸನದ ಕವರ್ ಬಿಚ್ಚಿ ಕೆಳಗಿನ ಫೋಮ್ ಕೊರೆದರೆ ಒಂದು, ಒಂದೂವರೆ ಅಂಗುಲ ಸಿಗುತ್ತದೆ, ಖರ್ಚು ಹೆಚ್ಚುಕಡಿಮೆ ಸೊನ್ನೆ. ಇಲ್ಲವೇ ಮೂಲ ಆಸನ, ಹಳಿ ಎರಡನ್ನೂ ಕಿತ್ತು ಬಕೆಟ್ ಸೀಟನ್ನು ನೇರ ನೆಲಕ್ಕೆ ಬೋಲ್ಟ್ ಮಾಡುವುದು. 2-3 ಅಂಗುಲ ಇಳಿಯುತ್ತೀರಿ, ಆದರೆ ಎನ್‌ಎ, ಎನ್‌ಬಿಯಲ್ಲಿ ಸ್ಟೀರಿಂಗ್ ಮೇಲೆ ಕೆಳಗೆ ಆಗುವುದಿಲ್ಲ, ತೊಡೆಗೆ ತಾಗುತ್ತದೆ. ಚಿಕ್ಕ ಸ್ಟೀರಿಂಗ್ ಚಕ್ರ ಹಾಕಿದರೆ ಏರ್‌ಬ್ಯಾಗ್ ಹೋಯಿತು. ಟ್ರ್ಯಾಕಿಗೂ ರಸ್ತೆಗೂ ಒಂದೇ ಕಾರು ಅಂದಮೇಲೆ ಇದನ್ನು ಕೂತು ಯೋಚಿಸಿ.

ಇನ್ನೊಂದು ಮಾತು. ರಸ್ತೆಯಲ್ಲಿ ಹೆಲ್ಮೆಟ್ ಇಲ್ಲದೆ ಕೂತಾಗ ತಲೆಯ ಹಿಂದೆ ನಾಲ್ಕು ಬೆರಳು ದೂರದಲ್ಲಿ ಉಕ್ಕಿನ ಕೊಳವೆ ಇರುತ್ತದೆ. ಹಿಂದಿನಿಂದ ಯಾರಾದರೂ ಗುದ್ದಿದರೆ ಆ ಕೊಳವೆಯೇ ಯಮ. ಎಸ್‌ಎಫ್‌ಐ 45.1 (ರೇಸ್ ಸಾಮಾನಿನ ಸುರಕ್ಷತಾ ಗುಣಮಟ್ಟ) ಗುರುತಿರುವ ಗಟ್ಟಿ ಪ್ಯಾಡಿಂಗ್ ಹಾಕಿ. ಪೈಪಿಗೆ ಸುತ್ತುವ ಮೆತ್ತನೆ ಫೋಮ್ ಅಲಂಕಾರಕ್ಕೆ ಮಾತ್ರ.

ಫ್ಲಾಟ್‌ಸಿಕ್ಸ್:
986 ಎಸ್ ಬಗ್ಗೆ ಹೇಳ್ತೀನಿ. 3.2 ಲೀಟರ್, 2000ದಿಂದ 2002ರವರೆಗೆ 250 ಎಚ್‌ಪಿ, 2003-04ರಲ್ಲಿ 258. ಆರು ಗೇರ್. ಎಂಜಿನ್ ಮಧ್ಯದಲ್ಲಿ, ಬ್ರೇಕ್ ದೊಡ್ಡದು. ಈ ದುಡ್ಡಿಗೆ ಟ್ರ್ಯಾಕ್‌ನಲ್ಲಿ ಇಷ್ಟು ಸಮತೋಲನದ ಕಾರು ಇನ್ನೊಂದಿಲ್ಲ. ಹಿಂದಿನ ಕಿಟಕಿ ಗಾಜಿನದು ಬೇಕು ಅಂದ್ರೆ 2003 ಅಥವಾ 2004 ನೋಡಿ, ಅದಕ್ಕೂ ಹಿಂದಿನವು ಮಡಚಿ ಮಡಚಿ ಮಸುಕಾಗೋ ಪ್ಲಾಸ್ಟಿಕ್.

ಎಲ್ಲರೂ ಹೆದರೋದು ಐಎಂಎಸ್ ಬೇರಿಂಗಿಗೆ. ಎಂಜಿನ್ ಒಳಗಿನ ಇಂಟರ್‌ಮೀಡಿಯೆಟ್ ಶಾಫ್ಟನ್ನ ಹಿಂಬದಿಯಲ್ಲಿ ಹಿಡಿದಿರೋ ಬೇರಿಂಗ್ ಇದು. ಮೊದಮೊದಲ ಎಂಜಿನ್‌ಗಳಲ್ಲಿ ಎರಡು ಸಾಲು ಗುಂಡುಗಳಿದ್ದವು. 2000ದ ಆಸುಪಾಸಿನಲ್ಲಿ ಒಂದೇ ಸಾಲಿಗೆ ಬಂದ್ರು, ಹೆಚ್ಚು ಕೈಕೊಡೋದು ಅದೇ. ಮುರಿದ್ರೆ ಟೈಮಿಂಗ್ ತಪ್ಪಿ ವಾಲ್ವು ಪಿಸ್ಟನ್ನಿಗೆ ಬಡಿಯುತ್ತೆ, ಎಂಜಿನ್ ಕತೆ ಮುಗೀತು. ಬದಲಾಯಿಸೋಕೆ ಗೇರ್‌ಬಾಕ್ಸ್ ಇಳಿಸಬೇಕು. ಹಾಗಾಗಿ ಕ್ಲಚ್, ರಿಯರ್ ಮೇನ್ ಸೀಲ್ ಜೊತೆಗೇ ಮಾಡಿಸೋದು ಜಾಣತನ. ಮೂರೂ ಸೇರಿ 2,000ದಿಂದ 3,000 ಡಾಲರ್ ಆಗಬಹುದು. ಮಾರುವವರು "ಐಎಂಎಸ್ ಮಾಡಿಸಿದೆ" ಅಂದ್ರೆ ಬಾಯಿಮಾತು ಬೇಡ: ಯಾವ ಕಿಟ್, ಎಷ್ಟು ಮೈಲಿಗೆ, ಯಾವ ವರ್ಕ್‌ಶಾಪಿನ ಬಿಲ್ಲು ಅಂತ ಕೇಳಿ.

ಆದ್ರೆ ಟ್ರ್ಯಾಕ್‌ನಲ್ಲಿ ಕೈಕೊಡೋದು ಹೆಚ್ಚಾಗಿ ಬೇರೆಯವು:
ಒಂದು, ಏರ್ ಆಯಿಲ್ ಸೆಪರೇಟರ್. ಅದರೊಳಗಿನ ಪರೆ ಹರಿದ್ರೆ ಎಣ್ಣೆ ಇನ್‌ಟೇಕಿಗೆ ನುಗ್ಗಿ ಹಿಂದೆ ಬಿಳಿ ಹೊಗೆಯ ಮೋಡ. ಸ್ಟಾರ್ಟ್ ಮಾಡಿದ ಕ್ಷಣಕ್ಕೆ ಒಂದು ಪುಸಕ್ ಹೊಗೆ ಬಂದು ನಿಂತ್ರೆ ಅದು ಮಾಮೂಲಿ, ಅಡ್ಡಡ್ಡ ಮಲಗಿರೋ ಎಂಜಿನ್ ಅಲ್ವಾ. ನಿಲ್ಲದೆ ಬರ್ತಾನೇ ಇದ್ರೆ ಬೇಡ.
ಎರಡು, ಕೂಲಂಟ್. ಹಿಂದಿನ ಡಿಕ್ಕಿಯಲ್ಲಿರೋ ಎಕ್ಸ್‌ಪಾನ್ಷನ್ ಟ್ಯಾಂಕ್ ಬಿರುಕು ಬಿಡುತ್ತೆ. ಅಲ್ಲಿನ ಕಾರ್ಪೆಟ್ ಎತ್ತಿ ಕೈ ಆಡಿಸಿ, ತೇವ ಅಥವಾ ಒಣಗಿದ ಬಿಳಿ ಕಲೆ ಇದ್ರೆ ಗೊತ್ತಾಗುತ್ತೆ. ವಾಟರ್ ಪಂಪಿನ ಇಂಪೆಲರ್ ಪ್ಲಾಸ್ಟಿಕ್‌ನದು. ಚೂರಾದ್ರೆ ಚೂರು ಎಂಜಿನ್ ತುಂಬಾ ಸುತ್ತುತ್ತೆ.
ಮೂರು, ಮುಂದಿನ ರೇಡಿಯೇಟರ್‌ಗಳು. ಬಂಪರ್‌ನ ಗಾಳಿ ಬಾಯಿಗೆ ಟಾರ್ಚ್ ಬಿಟ್ಟು ನೋಡಿ. ಒಣ ಎಲೆ, ಸಿಗರೇಟ್ ತುಂಡು, ಕಸ ಎಲ್ಲ ಅಲ್ಲೇ ಗೂಡು ಕಟ್ಟಿರುತ್ತೆ. ಎಸಿ ಕಂಡೆನ್ಸರ್ ಅದರ ತೇವಕ್ಕೇ ಕೊಳೆಯುತ್ತೆ.

ತಗೊಳ್ಳೋ ಮುಂಚೆ ಆಯಿಲ್ ಫಿಲ್ಟರ್ ಬಿಚ್ಚಿ ಮಡಿಕೆ ಬಿಡಿಸಿ ಬಿಸಿಲಿಗೆ ಹಿಡಿಯಿರಿ. ಮಿನುಗೋ ಲೋಹದ ಪುಡಿ ಕಂಡ್ರೆ ನಮಸ್ಕಾರ ಹೇಳಿ ಬಂದುಬಿಡಿ. ಇಸಿಯುನಲ್ಲಿ (ಎಂಜಿನ್ನಿನ ಕಂಪ್ಯೂಟರ್) ಓವರ್‌ರೆವ್ ಲೆಕ್ಕವೂ ಇರುತ್ತೆ, ಅಂದ್ರೆ ಎಂಜಿನ್ ಎಷ್ಟು ಸಲ ಮಿತಿ ಮುಟ್ಟಿ ತಿರುಗಿತು ಅಂತ: ರೇಂಜ್ 1 ಅಂದ್ರೆ ಲಿಮಿಟರ್ ಮುಟ್ಟಿದ್ದು, ಅದಕ್ಕೆ ಹೆದರಬೇಕಿಲ್ಲ. ರೇಂಜ್ 2 ಅಂದ್ರೆ ತಪ್ಪು ಗೇರಿಗೆ ಇಳಿಸಿ ಚಕ್ರಗಳೇ ಎಂಜಿನ್ನನ್ನ ಮಿತಿ ಮೀರಿ ತಿರುಗಿಸಿದ್ದು. ಎಷ್ಟು ಸಲ, ಎಂಜಿನ್ನಿನ ಎಷ್ಟನೇ ಗಂಟೆಯಲ್ಲಿ ಅಂತ ಪೋರ್ಶೆ ಗೊತ್ತಿರೋ ಗ್ಯಾರೇಜಿನವರು ಓದಿ ಹೇಳ್ತಾರೆ.

ಐಎಂಎಸ್ ಗೊಡವೆಯೇ ಬೇಡ ಅಂದ್ರೆ 986ರ ಮುಂದಿನ ತಲೆಮಾರಾದ 987ರಲ್ಲಿ 2009ರಿಂದ ಬಂದ ಎರಡನೇ ಕಂತಿನ ಎಂಜಿನ್. ಅದರಲ್ಲಿ ಆ ಶಾಫ್ಟೇ ಇಲ್ಲ. ಆದ್ರೆ ನಿಮ್ಮ 18,000ಕ್ಕೆ ತಯಾರಿ ಸಮೇತ ಸಿಗೋದು ಕಷ್ಟ. ನಡುವಿನ 2006-08 ಕಾರುಗಳಲ್ಲಿ ಬೇರಿಂಗ್ ದೊಡ್ಡದು, ಕೈಕೊಡೋದು ಕಡಿಮೆ. ಆದ್ರೆ ಬದಲಾಯಿಸಬೇಕು ಅಂದ್ರೆ ಎಂಜಿನ್ನನ್ನೇ ಎರಡು ಹೋಳು ಮಾಡ್ಬೇಕು.

ಧಾರವಾಡ_ಪೇಡಾ:
ಫ್ಲಾಟ್‌ಸಿಕ್ಸ್ ಅವರು ಹೇಳಿದ್ದೆಲ್ಲ ಖರೇ ಅದ. ಆದ್ರ ಲೆಕ್ಕ ಯಾರೂ ಹಾಕವಲ್ರು. 18 ಸಾವಿರದಾಗ 986 ತಗೊಂಡು ಐಎಂಎಸ್, ಕ್ಲಚ್, ವಾಟರ್ ಪಂಪ್, ಸೆಪರೇಟರ್, ಟೈರು ಅಂತ ಹೊಂಟ್ರ ಮೊದಲ ಲ್ಯಾಪ್ ಹೊಡಿಯೂದ್ರಾಗ ರೊಕ್ಕ ಖಾಲಿ. ನನ್ನ ಓಟು ಎನ್‌ಬಿಗೆ.

ನೋಡ್ರಿ, ಹಿಂಗ ಹಂಚ್ಕೋರಿ. ಕಾರಿಗೆ 8ರಿಂದ 9 ಸಾವಿರ. ರೋಲ್ ಬಾರ್ 800ರಿಂದ 1,200, ಕೂಡಿಸೂದು ಗೆಳೆಯರ ಕೂಡ ಒಂದು ದಿನದ ಕೆಲಸ. ಅಲ್ಯುಮಿನಿಯಂ ರೇಡಿಯೇಟರ್, ಹೋಸು, ಥರ್ಮೋಸ್ಟ್ಯಾಟ್ ಕೂಡಿ 400-500. ಟ್ರ್ಯಾಕ್ ಪ್ಯಾಡು, ರೋಟರು, ಬ್ರೇಕ್ ಆಯಿಲ್ 500. 15 ಅಂಗುಲದ ಚಕ್ರ, 205/50 ಟೈರು 1,300ರ ಆಜೂಬಾಜೂ. ಸ್ನೆಲ್ ಎಸ್‌ಎ (ಕಾರ್ ರೇಸಿಗಂತನ ಇರೂ ಸುರಕ್ಷತಾ ಗುರುತು) ಹೆಲ್ಮೆಟ್ 300ರಿಂದ ಮ್ಯಾಲ. ಬೈಕಿನ ಹೆಲ್ಮೆಟ್ ಭಾಳ ಕಡೆ ನಡೆಯೂದಿಲ್ರಿ, ಎಸ್‌ಎ ಹೆಲ್ಮೆಟ್ ಬೆಂಕಿ ಪರೀಕ್ಷೆ ದಾಟಿ ಬಂದಿರ್ತದ. ಇಷ್ಟಾದ ಮ್ಯಾಲೂ 5-6 ಸಾವಿರ ಉಳೀತದ. ಅದನ್ನ ಮುಟ್ಟಬ್ಯಾಡ್ರಿ. ಒಂದು ದಿನದ ಪ್ರವೇಶನ 300ರಿಂದ 500 ಆಗ್ತದ, ಮ್ಯಾಲ ಪೆಟ್ರೋಲು, ಪ್ಯಾಡು.

ಎಲ್ಲಾಕಿಂತ ದೊಡ್ಡ ಮಾತು: ಗ್ವಾಡಿಗೆ ಬಡದ್ರ ಕೈ ಝಾಡಿಸಿಕೊಂಡು ಬರೂವಂಥ ಬೆಲಿ ಕಾರಿನ್ಯಾಗ ಟ್ರ್ಯಾಕಿಗೆ ಹೋಗ್ರಿ. ಮಾಮೂಲಿ ಕಾರ್ ಇನ್ಶೂರೆನ್ಸು ಟ್ರ್ಯಾಕಿನ್ಯಾಗಿನ ಹೊಡೆತಕ್ಕ ಕೊಡೂದಿಲ್ಲ. ಆಯಾ ದಿನಕ್ಕಂತನ ಬ್ಯಾರೆ ವಿಮಾ ಸಿಗ್ತದ, ಕಾರಿನ ಬೆಲಿ ಮ್ಯಾಲ ಅದರ ಕಂತು. 9 ಸಾವಿರದ ಕಾರಿಗೆ ಬಿಡಬಹುದು, 30 ಸಾವಿರದ ಎಸ್2000ಕ್ಕ ಬಿಟ್ರ ಎದೀ ಢವಢವ.

ವೀಟೆಕ್_ಮಾವ:
ಎಸ್2000 ವಿಷಯಕ್ಕೆ ಬಂದ್ರೆ, ಧಾರವಾಡದ ಅಣ್ಣ ಹೇಳಿದ ಹಾಗೆ ಒಳ್ಳೆ ಕಾರು ಈಗ 18,000ಕ್ಕೆ ಬರಲ್ಲ. ಬಂದ್ರೆ ಅದರ ಹಿಂದೆ ಏನೋ ಕತೆ ಇರುತ್ತೆ: ಸಾಲ್ವೇಜ್ ಟೈಟಲ್ (ದೊಡ್ಡ ಹಾನಿಯಾಗಿ ವಿಮೆಯವರು ಕೈಬಿಟ್ಟ ಕಾರು ಅನ್ನೋ ದಾಖಲೆ), ಇಲ್ಲ ಸವೆದ ಎಂಜಿನ್. ಆದ್ರೂ ಕೇಳಿದ್ದೀರ ಅಂತ ಹೇಳ್ತೀನಿ.

ಎಪಿ1 (2000-2003): 2 ಲೀಟರ್ ಎಫ್20ಸಿ, 240 ಎಚ್‌ಪಿ, ಸುಮಾರು 9,000 ಆರ್‌ಪಿಎಂವರೆಗೆ ಹೋಗುತ್ತೆ. ಎಪಿ2 (2004-2009): ಅಮೆರಿಕದಲ್ಲಿ 2.2 ಲೀಟರ್, 8,000ಕ್ಕೆ ಇಳೀತು, ಆದ್ರೆ ಕೆಳಗಿನ ಎಳೆತ ಹೆಚ್ಚು. ಎಪಿ1ರ ದೊಡ್ಡ ಭಯ ವಾಲ್ವ್ ರಿಟೈನರ್, ವಾಲ್ವಿನ ಸ್ಪ್ರಿಂಗನ್ನ ಹಿಡಿದಿರೋ ಬಿಲ್ಲೆ. 5ರಿಂದ 4ಕ್ಕೆ ಬದಲು 2ಕ್ಕೆ ಇಳಿಸಿದ್ರೆ ರಿಟೈನರ್ ಸೀಳುತ್ತೆ. ತಕ್ಷಣ ಏನೂ ಗೊತ್ತಾಗಲ್ಲ, ಸಾವಿರ ಮೈಲಿ ಆದ್ಮೇಲೆ ವಾಲ್ವ್ ಒಳಗೆ ಬೀಳಬಹುದು. ವಾಲ್ವ್ ಕವರ್ ತೆಗೆದು ರಿಟೈನರ್ ಒಳಗೆ ಕೀಪರ್ (ಅದನ್ನ ವಾಲ್ವಿಗೆ ಕಚ್ಚಿಸೋ ತುಂಡು) ಎಷ್ಟು ಎದ್ದಿದೆ ಅಂತ ಹದಿನಾರನ್ನೂ ಒಂದಕ್ಕೊಂದು ಹೋಲಿಸಿ ನೋಡಬೇಕು. ಒಂದು ಮಾತ್ರ ಬೇರೆ ಥರ ಎದ್ದಿದ್ರೆ ಅದು ಸೀಳಿದೆ. 2000-01ರ ಎಂಜಿನ್‌ಗಳಲ್ಲಿ ಪಿಸ್ಟನ್ನಿಗೆ ಎಣ್ಣೆ ಚಿಮ್ಮಿಸೋ ಬ್ಯಾಂಜೋ ಬೋಲ್ಟಿಗೆ ಎರಡೇ ತೂತು. ನಾಲ್ಕು ತೂತಿಂದಕ್ಕೆ ಬದಲಾಯಿಸಿದ್ದಾರಾ ಕೇಳಿ. ಸ್ಪಾರ್ಕ್ ಪ್ಲಗ್ ಸಡಿಲ ಆಗಿ ಎದ್ದು ಬರೋದೂ ಉಂಟು, ಟಾರ್ಕ್ ರೆಂಚಿನಲ್ಲೇ ಬಿಗೀಬೇಕು. ಎರಡನೇ ಗೇರಿನ ಸಿಂಕ್ರೋ ಕರಕರ ಅನ್ನುತ್ತಾ, ತಣ್ಣಗಿದ್ದಾಗ ಟೈಮಿಂಗ್ ಚೈನ್ ಟೆನ್ಷನರ್ ಕಟಕಟ ಅನ್ನುತ್ತಾ ಗಮನಿಸಿ.

ಹಿಂಬದಿ ದಿಢೀರ್ ಜಾರೋದ್ರಲ್ಲಿ ಮೊದಲ ಎರಡು ವರ್ಷದ ಕಾರುಗಳು ಖಡಕ್. ಮೂಲೆ ಮಧ್ಯೆ ಹೆದರಿ ಆಕ್ಸಿಲರೇಟರ್ ಬಿಟ್ರೆ ಕ್ಷಮಿಸಲ್ಲ. ಹೊಸಬರಿಗೆ ಮಿಯಾಟಾನೇ ಮೇಷ್ಟ್ರು.

ಫ್ರೀಮಾಂಟ್_ಪಯಣಿಗ:
ಎಸ್2000 ಕೈಬಿಟ್ಟೆ. ಎತ್ತರದ ಮಾತು ಕೇಳಿ ಎನ್‌ಬಿ ಬಗ್ಗೆಯೂ ಅನುಮಾನ ಬಂತು. ಎನ್‌ಸಿ ಮಿಯಾಟಾ ಬಗ್ಗೆ ಯಾರೂ ಹೇಳಲಿಲ್ಲ? ಟೊಯೋಟಾ ಎಂಆರ್2 ಸ್ಪೈಡರ್, ಬಿಎಂಡಬ್ಲ್ಯೂ ಝಡ್4?

ಮೂರನೇ_ಗೇರ್:
ಬೇಡದವನ್ನು ಮೊದಲು ಬೇಗ ಬೇಗ ಬದಿಗಿಡೋಣ.

ಎಂಆರ್2 ಸ್ಪೈಡರ್ (2000-2005) 1,000 ಕೆಜಿ ಆಸುಪಾಸಿನ ಚುರುಕು ಕಾರು. ಆದರೆ 1ಝಡ್‌ಝಡ್ ಎಂಜಿನ್ನಿನ ಮೊದಲ ವರ್ಷಗಳವು ಎಣ್ಣೆ ಕುಡಿಯುತ್ತವೆ. ಎಕ್ಸಾಸ್ಟ್ ಮ್ಯಾನಿಫೋಲ್ಡಿನಲ್ಲೇ ಇರುವ, ಹೊಗೆ ಶುದ್ಧಿ ಮಾಡುವ ಪ್ರೀ-ಕ್ಯಾಟಲಿಸ್ಟ್ ಪುಡಿಯಾಗಿ ಆ ಪುಡಿಯನ್ನು ಎಂಜಿನ್ ಒಳಕ್ಕೆ ಎಳೆದುಕೊಳ್ಳುತ್ತದೆ. ಸಾಮಾನು ಇಡಲು ಜಾಗವೇ ಇಲ್ಲ. ಟ್ರ್ಯಾಕಿಗೆ ಜ್ಯಾಕು, ಚಕ್ರ, ಪೆಟ್ಟಿಗೆ ಒಯ್ಯುವುದು ಹೇಗೆ? ಝಡ್4 ಒಳ್ಳೆಯ ಹೆದ್ದಾರಿ ಕಾರು. ಭಾರ ಜಾಸ್ತಿ, ರನ್‌ಫ್ಲಾಟ್ ಟೈರ್ ಕಿತ್ತೆಸೆಯಬೇಕು, ಕೂಲಿಂಗ್ ವ್ಯವಸ್ಥೆಯ ಪ್ಲಾಸ್ಟಿಕ್ಕನ್ನೆಲ್ಲ ಹೊಸದು ಮಾಡಬೇಕು. ಯಾರಾದರೂ ಲೋಟಸ್ ಎಲೀಸ್ ಅನ್ನುವ ಮೊದಲೇ ಹೇಳುತ್ತೇನೆ: 900 ಕೆಜಿ, ಟೊಯೋಟಾ ಎಂಜಿನ್, ಸ್ವರ್ಗ. ಆದರೆ ಮೂತಿಗೆ ಸಣ್ಣ ಏಟು ಬಿದ್ದರೂ ಇಡೀ ಮುಂಭಾಗದ ಫೈಬರ್ ಕವಚದ ಕೆಲಸ, ಮತ್ತು ಈ ಬಜೆಟ್ಟಿಗೆ ಬರುವ ಮಾತೇ ಅಲ್ಲ.

ಎನ್‌ಸಿ (2006-2015) ವಿಚಾರ. ಮಿಯಾಟಾ ಭಕ್ತರು ಇದನ್ನು ಮಲತಾಯಿ ಮಗುವಿನಂತೆ ನೋಡುತ್ತಾರೆ, ಅದಕ್ಕೇ ಬೆಲೆಯೂ ಹಿಡಿತದಲ್ಲಿದೆ. ನಿಮ್ಮ ಎತ್ತರಕ್ಕೆ ಇದೇ ಸರಿ: ಒಳಗೆ ಜಾಗ ಹೆಚ್ಚು, ಸ್ಟೀರಿಂಗ್ ಮೇಲೆ ಕೆಳಗೆ ಆಗುತ್ತದೆ. 2 ಲೀಟರ್, 167-170 ಎಚ್‌ಪಿ, ಎನ್‌ಬಿಗಿಂತ ಗಟ್ಟಿ ಬಾಡಿ, ಬ್ರೇಕ್ ಕೂಡ ದೊಡ್ಡದು. 2009ರಿಂದ ಫೋರ್ಜ್ಡ್ ಕ್ರ್ಯಾಂಕ್, ಕೆಂಪು ಗೆರೆ 7,200. ಸಾಧ್ಯವಾದರೆ 2009 ಅಥವಾ ನಂತರದ್ದನ್ನೇ ಹುಡುಕಿ.

ಕೊರತೆಗಳು? ಕಾರ್ಖಾನೆಯ ಸಸ್ಪೆನ್ಷನ್ ಎತ್ತರ, ಮೆತ್ತಗೆ. ಮೂಲೆಯಲ್ಲಿ ದೋಣಿಯಂತೆ ವಾಲುತ್ತದೆ. ಸ್ಪ್ರಿಂಗ್, ಡ್ಯಾಂಪರ್, ಮುಂದಿನ ಆ್ಯಂಟಿರೋಲ್ ಬಾರ್ ಬದಲಾಯಿಸಿದರೆ ಬೇರೆಯೇ ಕಾರು. ಎಂಜಿನ್ ಎಣ್ಣೆ ತಿನ್ನುತ್ತದೆ, ಟ್ರ್ಯಾಕ್‌ನಲ್ಲಿ ಇನ್ನೂ ಜಾಸ್ತಿ. ಮಟ್ಟ ಕೆಳಗಿಳಿದಾಗ ಉದ್ದ ಮೂಲೆಯಲ್ಲಿ ಪಂಪಿಗೆ ಎಣ್ಣೆ ಸಿಗದೆ ರಾಡ್ ಬೇರಿಂಗ್ ಸುಡುತ್ತದೆ. ಬೆಳಿಗ್ಗೆ ಡಿಪ್‌ಸ್ಟಿಕ್ ಮೇಲಿನ ಗೆರೆಗೆ ಇರಲಿ, ಪ್ರತಿ ಸೆಷನ್ (ಟ್ರ್ಯಾಕ್‌ನಲ್ಲಿ ಒಂದು ಸರದಿ) ಆದಮೇಲೆ ಮತ್ತೆ ನೋಡಿ. ಬಾನೆಟ್ ಕೆಳಗಿನ ಕೂಲಂಟ್ ಟ್ಯಾಂಕು ಹಳದಿ ತಿರುಗಿದ್ದರೆ ಬೆಸುಗೆಯ ಗೆರೆಯಲ್ಲಿ ಬಿರುಕು ಬಿಡುವ ಕಾಲ ಬಂದಿದೆ ಅಂತ ಅರ್ಥ.

ಬಟ್ಟೆ ಟಾಪಿನದ್ದೇ ತೆಗೆದುಕೊಳ್ಳಿ. ವಿದ್ಯುತ್ತಿನಿಂದ ಮಡಚುವ ಗಟ್ಟಿ ಟಾಪಿಗೆ ಸುಮಾರು 35 ಕೆಜಿ ಭಾರ ಹೆಚ್ಚು, ಮೇಲಾಗಿ ಅದು ಮಡಚುವ ದಾರಿಗೆ ಅಡ್ಡ ಬಾರದಂಥ ರೋಲ್ ಬಾರ್ ಆಯ್ಕೆ ಕಡಿಮೆ. ಚಕ್ರದ ಬೋಲ್ಟ್ ಲೆಕ್ಕವೂ ಬೇರೆ: ಎನ್‌ಎ, ಎನ್‌ಬಿ 4x100, ಎನ್‌ಸಿ 5x114.3. ಎನ್‌ಬಿಯ ಅಗ್ಗದ 15 ಅಂಗುಲದ ಟೈರು ಇದಕ್ಕೆ ನೇರ ಬರುವುದಿಲ್ಲ. 17 ಅಂಗುಲದ ಟೈರಿಗೆ ಪ್ರತಿ ಜೊತೆಗೂ ಸ್ವಲ್ಪ ಹೆಚ್ಚು ತೆರಬೇಕು.

ಎನ್‌ಡಿಯಲ್ಲಿ 2019ರ ನಂತರದ 181 ಎಚ್‌ಪಿಯದ್ದು ಬಜೆಟ್ ಮೀರುತ್ತದೆ. 2016-18ರದ್ದು ಎಟುಕಬಹುದು, ಆದರೆ ಅದರ ಗೇರ್‌ಬಾಕ್ಸ್ ಒರಟು ಕೈಗೆ ಹೇಳಿಸಿದ್ದಲ್ಲ. ಮಾಜ್ಡಾ ಅದನ್ನು ಹಲವು ಸಲ ತಿದ್ದಿದೆ.

ಬೆಂದಕಾಳೂರು_ಚಾಲಕ:
ಬೆಂಗಳೂರಿಂದ ಓದ್ತಾ ಹೊಟ್ಟೆ ಉರೀತಿದೆ ಗುರು. ಇಲ್ಲಿ ಇಂಥದ್ದು ಏನಾದ್ರೂ ಸಾಧ್ಯನಾ?

ಕಾರ್ಕ್‌ಸ್ಕ್ರೂ_ಕನ್ನಡಿಗ:
ಮಿಯಾಟಾ ಇಂಡಿಯಾದಲ್ಲಿ ಅಧಿಕೃತವಾಗಿ ಮಾರಾಟಕ್ಕೇ ಬಂದಿಲ್ಲ. ಸೆಕೆಂಡ್ ಹ್ಯಾಂಡ್ ಬಾಕ್ಸ್‌ಸ್ಟರ್, ಝಡ್4 ಸಿಗುತ್ತವೆ, ಆದರೆ ಆ ಬೆಲೆಗೆ ಟ್ರ್ಯಾಕಿಗೆ ಬಿಡುವ ಧೈರ್ಯ ಯಾರಿಗಿದೆ? ನಿಮಗೆ ಹತ್ತಿರದ ಟ್ರ್ಯಾಕುಗಳು ಶ್ರೀಪೆರಂಬುದೂರು ಬಳಿಯ ಮದ್ರಾಸ್ ಸರ್ಕ್ಯೂಟ್, ಕೊಯಮತ್ತೂರಿನ ಕರಿ. ಟಾಪ್ ತೆಗೆಯುವ ಆಸೆ ಬಿಟ್ಟು ಹಳೇ ಪೋಲೋ ಅಥವಾ ಸ್ವಿಫ್ಟ್‌ಗೆ ಒಳ್ಳೆ ಪ್ಯಾಡು, ಟೈರು, ಹೊಸ ಬ್ರೇಕ್ ಆಯಿಲ್ ಹಾಕಿ ಹೋಗಿ. ಕಲಿಕೆ ಒಂದೇ.

ವೀಟೆಕ್_ಮಾವ:
ಅದೇ ಮಾತು ಫ್ರೀಮಾಂಟ್ ಅವರಿಗೂ ಅನ್ವಯಿಸಲ್ವಾ? ಕನ್ವರ್ಟಿಬಲ್ಲೇ ಯಾಕೆ? ಅದೇ ದುಡ್ಡಿಗೆ 2013ರ ಮೇಲಿನ ಸುಬಾರು ಬಿಆರ್‌ಝಡ್ ಅಥವಾ ಸಯಾನ್ ಎಫ್‌ಆರ್‌ಎಸ್ ಕೂಪೆ ಬರುತ್ತೆ. ರೋಲ್ ಬಾರ್ ಬೇಡ, ಪೊರಕೆ ಕೋಲು ಬೇಡ, ಹಿಂದಿನ ಸೀಟು ಮಡಚಿದ್ರೆ ನಾಲ್ಕು ಚಕ್ರ ಒಳಗೇ ಹಿಡಿಸುತ್ತೆ.

ಧಾರವಾಡ_ಪೇಡಾ:
ಅವರು ಕೇಳಿದ್ದು ಟಾಪ್ ತೆಗಿಯೂ ಕಾರು ಮಾವಾ. ಹೋಳಿಗಿ ಕೇಳಿದವರಿಗೆ ಚಪಾತಿ ಆರೋಗ್ಯಕ್ಕ ಛಲೋ ಅಂದ್ರ ಹೆಂಗ?

ಮೂರನೇ_ಗೇರ್:
ಕಾರು ನೋಡಲು ಹೋದಾಗ ಏನೇನು ನೋಡಬೇಕು ಅನ್ನುವುದನ್ನು ಬರೆದಿಡುತ್ತೇನೆ. ಎನ್‌ಬಿ, ಎನ್‌ಸಿ ಎರಡಕ್ಕೂ ಆಗುತ್ತದೆ.

ಎಂಜಿನ್ ತಣ್ಣಗಿರಬೇಕು ಅಂತ ಫೋನಿನಲ್ಲೇ ಹೇಳಿ. ಹೋದ ಕೂಡಲೆ ಬಾನೆಟ್ಟಿನ ಮೇಲೆ ಕೈ ಇಟ್ಟು ನೋಡಿ. ಬೆಚ್ಚಗಿದ್ದರೆ ಯಾಕೆ ಅಂತ ಕೇಳಿ.

ಎನ್‌ಬಿ ಆದರೆ ರೇಡಿಯೇಟರ್ ಮೇಲ್ಭಾಗದ ಪ್ಲಾಸ್ಟಿಕ್ ತೊಟ್ಟಿಯ ಬಣ್ಣ ನೋಡಿ. ಹೊಸದಿದ್ದಾಗ ಕಪ್ಪು. ಹಸಿರು ಮಿಶ್ರಿತ ಕಂದು ಬಣ್ಣಕ್ಕೆ ತಿರುಗಿದ್ದರೆ ಬೇಸಿಗೆಯ ಥಂಡರ್‌ಹಿಲ್‌ಗೆ ತಡೆಯುವುದಿಲ್ಲ. ಅಲ್ಲಿ ಜುಲೈ, ಆಗಸ್ಟ್‌ನಲ್ಲಿ 40 ಡಿಗ್ರಿ ದಾಟುವ ದಿನಗಳೂ ಇರುತ್ತವೆ. ಇದರ ಹಿಂದೆ ಒಂದು ಮೂಲ ದೋಷವೂ ಇದೆ. ಈ ಎಂಜಿನ್ ಹುಟ್ಟಿದ್ದು ಮಾಜ್ಡಾದ ಅಡ್ಡ ಎಂಜಿನ್ನಿನ ಕಾರುಗಳಿಗೆ. ಉದ್ದಕ್ಕೆ ತಿರುಗಿಸಿ ಕೂರಿಸುವಾಗ ಕೂಲಂಟ್ ಹೊರಹೋಗುವ ಬಾಯಿಯನ್ನು ಹೆಡ್ಡಿನ ಹಿಂಬದಿಯಿಂದ ಮುಂಬದಿಗೆ ತಂದರು. ಒಳಬರುವುದೂ ಮುಂದೆಯೇ, ಹೊರಹೋಗುವುದೂ ಮುಂದೆಯೇ ಆದಾಗ ಹಿಂದಿನ ನಾಲ್ಕನೇ ಸಿಲಿಂಡರ್ ಹೆಚ್ಚು ಬಿಸಿಯಾಗುತ್ತದೆ. ಕೂಲಂಟ್ ರೀರೂಟ್ ಕಿಟ್ ಹಾಕಿದರೆ ಹರಿವು ಮತ್ತೆ ಹಿಂದಿನಿಂದ ಹೋಗುತ್ತದೆ. ನಾಲ್ಕೈದು ದಿನದ ಓಡಾಟಕ್ಕೆ ಒಳ್ಳೆಯ ರೇಡಿಯೇಟರ್, ಗಾಳಿ ಪಕ್ಕಕ್ಕೆ ನುಸುಳದಂತೆ ಫೋಮ್ ಪಟ್ಟಿಯ ಮುಚ್ಚುಗೆ, ಕೆಳಗಿನ ಪ್ಲಾಸ್ಟಿಕ್ ತಟ್ಟೆ, ಇಷ್ಟಿದ್ದರೆ ಸಾಕು. ಆ ಕೆಳಗಿನ ತಟ್ಟೆಯನ್ನು ಆಯಿಲ್ ಬದಲಾಯಿಸುವವರು ಕಿತ್ತು ಎಸೆದಿರುತ್ತಾರೆ. ಬಗ್ಗಿ ನೋಡಿ, ಅದಿಲ್ಲದೆ ಗಾಳಿ ರೇಡಿಯೇಟರ್ ಮೂಲಕ ಹೋಗುವುದೇ ಇಲ್ಲ.

1999-2000ದ ಎನ್‌ಬಿಗಳಲ್ಲಿ ಕೆಲವಕ್ಕೆ ಕ್ರ್ಯಾಂಕಿನ ಥ್ರಸ್ಟ್ ಬೇರಿಂಗ್ ಸವೆಯುತ್ತದೆ. ಒಬ್ಬರು ಕ್ಲಚ್ ಒತ್ತಿ ಬಿಡುತ್ತಿರಲಿ, ಇನ್ನೊಬ್ಬರು ಮುಂದಿನ ಕ್ರ್ಯಾಂಕ್ ಪುಲ್ಲಿ ನೋಡಲಿ. ಪುಲ್ಲಿ ಹಿಂದೆ ಮುಂದೆ ಸರಿಯುವುದು ಕಣ್ಣಿಗೆ ಕಂಡರೆ ಬೇಡ. 2001ರಿಂದ ವಿವಿಟಿ (ವಾಲ್ವ್ ತೆರೆಯುವ ಹೊತ್ತನ್ನು ಬದಲಿಸುವ ವ್ಯವಸ್ಥೆ) ಬಂತು, ಬಾಡಿಯೂ ಗಟ್ಟಿಯಾಯಿತು. ಎನ್‌ಬಿಯೇ ಅಂದರೆ 2001-2005 ನೋಡಿ. ಟೈಮಿಂಗ್ ಬೆಲ್ಟ್ 60,000 ಮೈಲಿಗೆ, ವಾಟರ್ ಪಂಪಿನ ಜೊತೆಗೇ ಬದಲಾಗಿರಬೇಕು.

ಕಂಪ್ರೆಷನ್ ಪರೀಕ್ಷೆ ಮಾಡಿಸಿ. ಸಂಖ್ಯೆ ಎಷ್ಟು ಅನ್ನುವುದಕ್ಕಿಂತ ನಾಲ್ಕೂ ಹತ್ತಿರ ಹತ್ತಿರ ಇರುವುದು ಮುಖ್ಯ. ಒಂದು ಸಿಲಿಂಡರ್ ಉಳಿದವಕ್ಕಿಂತ ಶೇ. 10ಕ್ಕೂ ಹೆಚ್ಚು ಕಡಿಮೆ ಇದ್ದರೆ ಲೀಕ್‌ಡೌನ್ (ಸಿಲಿಂಡರಿಗೆ ಗಾಳಿ ತುಂಬಿ ಸೋರಿಕೆ ಅಳೆಯುವ ಪರೀಕ್ಷೆ) ಮಾಡಿಸಿ ಗಾಳಿ ಎಲ್ಲಿಂದ ಹೋಗುತ್ತಿದೆ ಕೇಳಿ: ಎಕ್ಸಾಸ್ಟ್‌ನಲ್ಲಿ ಬುಸುಗುಟ್ಟಿದರೆ ವಾಲ್ವು, ಆಯಿಲ್ ಮುಚ್ಚಳದಲ್ಲಾದರೆ ರಿಂಗು, ರೇಡಿಯೇಟರಲ್ಲಿ ಗುಳ್ಳೆ ಬಂದರೆ ಹೆಡ್ ಗ್ಯಾಸ್ಕೆಟ್.

ಕ್ಯಾಲಿಫೋರ್ನಿಯಾದ ಕಾರಿಗೆ ತುಕ್ಕು ಕಡಿಮೆ. ಆದರೂ ಆಸನದ ಹಿಂದಿನ ಕಾರ್ಪೆಟ್ ಎತ್ತಿ ನೋಡಿ. ಟಾಪಿನ ಮೇಲಿನ ನೀರು ಇಳಿಯುವ ಎರಡು ಕೊಳವೆ ಬಾಗಿಲಿನ ಹಿಂದೆ ಇರುತ್ತವೆ. ಅವು ಕಟ್ಟಿಕೊಂಡರೆ ನೀರು ಒಳಗೂ ಸಿಲ್ಲಿನೊಳಗೂ ನಿಲ್ಲುತ್ತದೆ. ರೋಲ್ ಬಾರ್‌ನ ಪಾದ ಕೂರುವುದೂ ಅದೇ ಜಾಗದ ಸುತ್ತ.

ಫ್ಲಾಟ್‌ಸಿಕ್ಸ್:
ಕಾಗದ ಪತ್ರ ಮರೀಬೇಡಿ. ಕ್ಯಾಲಿಫೋರ್ನಿಯಾದಲ್ಲಿ ಕೈ ಬದಲಾಗುವಾಗ ಸ್ಮಾಗ್ ಸರ್ಟಿಫಿಕೇಟ್ (ಹೊಗೆ ತಪಾಸಣೆಯ ಪತ್ರ) ಕೊಡಬೇಕಾದ್ದು ಮಾರುವವರ ಹೊಣೆ. "ನೀವೇ ಮಾಡಿಸ್ಕೊಳ್ಳಿ, 300 ಡಾಲರ್ ಬಿಡ್ತೀನಿ" ಅಂದ್ರೆ ಒಪ್ಪಬೇಡಿ. ಕಾರಿನ ಕಂಪ್ಯೂಟರ್ ಓದೋ ಬ್ಲೂಟೂತಿನ ಒಂದು ಒಬಿಡಿ ರೀಡರ್ ಜೇಬಲ್ಲಿರಲಿ. ಚೆಕ್ ಎಂಜಿನ್ ಲೈಟ್ ಆರಿದ್ರೂ ಮಾನಿಟರ್‌ಗಳೆಲ್ಲ (ಕಾರು ತಾನೇ ಮಾಡ್ಕೊಳ್ಳೋ ತಪಾಸಣೆಗಳು) "ಸಿದ್ಧವಿಲ್ಲ" ಅಂತ ತೋರಿಸಿದ್ರೆ ನಿನ್ನೆಯೋ ಮೊನ್ನೆಯೋ ಕೋಡ್ ಅಳಿಸಿದ್ದಾರೆ. ಹೊರಗಿನ ಇನ್‌ಟೇಕ್, ಹೆಡರ್ ಇದ್ರೆ ಅದರ ಮೇಲೆ ಕಾರ್ಬ್ (ಕ್ಯಾಲಿಫೋರ್ನಿಯಾದ ವಾಯು ಮಂಡಳಿ) ಒಪ್ಪಿಗೆಯ ಸಂಖ್ಯೆಯ ಸ್ಟಿಕ್ಕರ್ ಬೇಕು, ಇಲ್ಲದಿದ್ರೆ ಕಣ್ಣಳತೆಯ ಪರೀಕ್ಷೆಯಲ್ಲೇ ಫೇಲು. ಎನ್‌ಸಿಗೆ 2.5 ಲೀಟರ್ ಎಂಜಿನ್ ಕೂರಿಸಿದ ಕಾರುಗಳೂ ಮಾರಾಟಕ್ಕೆ ಬರುತ್ತೆ. ಓಡಿಸೋಕೆ ಮಜಾ, ಸ್ಮಾಗ್ ದಿನ ತಲೆನೋವು.

ಜೋರು ಸೈಲೆನ್ಸರ್ ಇದ್ರೂ ಯೋಚಿಸಿ. ಲಗೂನಾ ಸೆಕಾದಲ್ಲಿ ಸಾಮಾನ್ಯ ದಿನಗಳಲ್ಲಿ ಶಬ್ದದ ಮಿತಿ 90 ಡೆಸಿಬೆಲ್ ಆಸುಪಾಸು. ಆ ದಿನದ ಮಿತಿ ಸಂಘಟಕರನ್ನ ಕೇಳಿ. ಮೀರಿದ್ರೆ ಕಪ್ಪು ಬಾವುಟ (ಟ್ರ್ಯಾಕ್ ಬಿಟ್ಟು ಒಳಗೆ ಬನ್ನಿ ಅಂತ), ಮತ್ತೆ ಮತ್ತೆ ಮೀರಿದ್ರೆ ಮನೆಗೆ.

ಕಾರ್ಕ್‌ಸ್ಕ್ರೂ_ಕನ್ನಡಿಗ:
ಬ್ರೇಕ್ ಬಗ್ಗೆ ಎರಡು ಮಾತು, ಮೊದಲ ದಿನವೇ ಹೆದರಿಸುವುದು ಅದೇ. ಹಳೇ ಆಯಿಲ್ ತೇವ ಹೀರಿಕೊಂಡಿರುತ್ತದೆ, ಬಿಸಿಗೆ ಕುದ್ದು ಗುಳ್ಳೆಯಾದರೆ ಪೆಡಲ್ ನೆಲ ಮುಟ್ಟುತ್ತದೆ. ಮೋಟುಲ್ ಆರ್‌ಬಿಎಫ್ 600 ಹೊಸದಿದ್ದಾಗ 312 ಡಿಗ್ರಿ ಸೆಲ್ಸಿಯಸ್ಸಿಗೆ ಕುದಿಯುತ್ತದೆ, ತೇವ ಸೇರಿದ ಮೇಲೆ ಅದಕ್ಕಿಂತ ಬಹಳ ಕೆಳಗೇ. ಅರ್ಧ ಲೀಟರಿನ ಎರಡು ಬಾಟಲಿ ಸಾಕು. ಸಾಮಾನ್ಯವಾಗಿ ಮಾಸ್ಟರ್ ಸಿಲಿಂಡರಿಗೆ ದೂರದ ಚಕ್ರದಿಂದ ಶುರುಮಾಡಿ ಹೊಸ ಬಣ್ಣ ಬರುವವರೆಗೆ ಬ್ಲೀಡ್ ಮಾಡಿ, ಅಂದರೆ ಹಳೇ ಆಯಿಲ್, ಗಾಳಿ ಹೊರಗೆ ಬಿಡಿ. ಪ್ಯಾಡು ಕಾರ್ಖಾನೆಯದ್ದೇ ಇದ್ದರೆ ಪುಡಿಪುಡಿಯಾಗುತ್ತದೆ. ಟ್ರ್ಯಾಕ್ ಪ್ಯಾಡು ರಸ್ತೆಯಲ್ಲಿ ಕಿರುಚುತ್ತದೆ, ತಣ್ಣಗಿದ್ದಾಗ ಸರಿಯಾಗಿ ಹಿಡಿಯುವುದಿಲ್ಲ. ಹಿಂದಿನ ದಿನ ಮನೆಯಲ್ಲೇ ಬದಲಾಯಿಸುವುದು ಒಂದು ಗಂಟೆಯ ಕೆಲಸ.

ಸೆಷನ್ ಮುಗಿಸಿ ಬಂದು ನಿಲ್ಲಿಸಿದಾಗ ಹ್ಯಾಂಡ್‌ಬ್ರೇಕ್ ಎಳೆಯಬೇಡಿ, ಬಿಸಿ ಪ್ಯಾಡು ರೋಟರಿಗೆ ಅಂಟುತ್ತದೆ. ಗೇರಿನಲ್ಲಿಟ್ಟು ಚಕ್ರಕ್ಕೆ ಕಟ್ಟೆ ಕೊಡಿ. ಟೈರಿನ ಗಾಳಿ ತಣ್ಣಗಿದ್ದಾಗ 26-27 ಪಿಎಸ್‌ಐನಿಂದ ಶುರುಮಾಡಿ, ಬಿಸಿಯಾದಾಗ 32ರ ಸುತ್ತ ನಿಲ್ಲುವಂತೆ ಸೆಷನ್ನಿಗೆ ಒಮ್ಮೆ ಇಳಿಸುತ್ತ ಬನ್ನಿ. ಚಕ್ರದ ನಟ್ಟು ಟಾರ್ಕ್ ರೆಂಚಿನಲ್ಲಿ: ಎನ್‌ಬಿಗೆ 65ರಿಂದ 87 ಫುಟ್‌ಪೌಂಡ್, ಎಸ್2000ಕ್ಕೆ 80, 986ಕ್ಕೆ 96.

ಮೊದಲ ವರ್ಷ ಅಂಟು ಟೈರಿಗೆ ದುಡ್ಡು ಸುರಿಯಬೇಡಿ. 300 ಟ್ರೆಡ್‌ವೇರಿನ (ಸವೆತದ ಅಂಕ, ಹೆಚ್ಚಿದ್ದಷ್ಟೂ ಟೈರು ಗಟ್ಟಿ) ಟೈರು ಬೇಗ ಕೂಗುತ್ತದೆ, ಜಾರುವ ಮುಂಚೆ ಹೇಳುತ್ತದೆ.

ಫ್ರೀಮಾಂಟ್_ಪಯಣಿಗ:
ಎಲ್ಲರಿಗೂ ವಂದನೆ. ಎನ್‌ಸಿ ಕಡೆಗೇ ವಾಲುತ್ತಿದ್ದೇನೆ. ಆದರೆ ಸ್ಯಾನ್ ಹೋಸೆಯಲ್ಲಿ ಒಂದು 2003ರ ಎನ್‌ಬಿ ಇದೆ, 112,000 ಮೈಲಿ, 8,500 ಡಾಲರ್. "ರೋಲ್ ಬಾರ್ ಇದೆ, ಟ್ರ್ಯಾಕಿಗೆ ಸಿದ್ಧ" ಅಂತ ಬರೆದಿದ್ದಾರೆ. ಚಿತ್ರದಲ್ಲಿ ಬಾರ್ ಹೊಳೆಯುವ ಕ್ರೋಮ್, ಎರಡು ಗುಂಡನೆ ಕಮಾನು. ಹೋಗಿ ನೋಡಲೇ?

ಮೂರನೇ_ಗೇರ್:
ಕ್ರೋಮ್, ಎರಡು ಗುಂಡು ಕಮಾನು ಅಂದರೆ ಅದು ಶೋಕಿಯ ಬಾರ್, ಬಹುತೇಕ ಖಚಿತ. ಅಸಲಿ ಬಾರ್ ಆದರೆ ಮುಖ್ಯ ಕೊಳವೆ ಸುಮಾರು 1.75 ಅಂಗುಲ ದಪ್ಪ, ಎರಡೂ ಬದಿಯಿಂದ ಹಿಂದಕ್ಕೆ ಇಳಿಯುವ ಊರುಗೋಲು, ಮಧ್ಯದಲ್ಲಿ ಒಂದು ಓರೆ ಕೊಳವೆ ಇರುತ್ತದೆ. ಪಾದದಿಂದ ಬಾಡಿಯ ಮೂಲಕ ಹಾದುಹೋದ ಬೋಲ್ಟಿಗೆ ಆಚೆ ಕಡೆ ಉಕ್ಕಿನ ತಟ್ಟೆ ಕೊಟ್ಟಿರುತ್ತಾರೆ.

ಧಾರವಾಡ_ಪೇಡಾ:
ಹೋಗ್ರಿ, ನೋಡ್ರಿ. ಕಾರು ಛಲೋ ಇದ್ರ ಬಾರ್ ಬೆಲಿ ಕಳದು 7,300 ಕೇಳ್ರಿ. ಹೋಗೂ ಮುಂದ ಹೆಲ್ಮೆಟ್ಟು, ಪೊರಕಿ ಕೋಲು, ಅಳತಿ ಟೇಪು ಡಿಕ್ಕ್ಯಾಗ ಹಾಕ್ಕೋರಿ. ನೆತ್ತಿ ಎತ್ತರ ವಿಂಡ್‌ಶೀಲ್ಡ್ ಚೌಕಟ್ಟು ದಾಟಿತ್ತಂದ್ರ ಟೆಸ್ಟ್ ಡ್ರೈವ್ ಸೈತ ಬ್ಯಾಡ, ಸೀದಾ ಎನ್‌ಸಿ ಹುಡುಕ್ರಿ.